ಗೌರವ ಪ್ರತಿ

ಜನವರಿ 12

ಪ್ರೀತಿಯ ಗೂಬೆ,

ಎರಡನೆಯ ಕಾದಂಬರಿ ಮುಗಿಯಿತು. ಪ್ರಕಾಶಕರು ಒಪ್ಪಿಕೊಂಡು ಅಚ್ಚಿಗೂ ಕಳಿಸಿದರು. ಮೊದಲು ಅಣ್ಣನಿಗೆ ಹೇಳಿದೆ. ಅವನು, "ಇದ್ರಲ್ಲೂ ಲಿಫ್ಟೇನಾ?" ಅಂದ. ಎರಡನೆಯದಾಗಿ ನಿನಗೆ ಹೇಳುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಫೋನು ಈಗ ಅಂಗಡಿ ಬಾಗಿಲಿನ ಹಾಗೆ, ಯಾವಾಗ ನೋಡಿದರೂ ಜನ. ಕಾಲೇಜಿನಲ್ಲಿ ಪಕ್ಕಪಕ್ಕ ಕೂತು ಚೀಟಿ ಬರೆದುಕೊಳ್ಳುತ್ತಿದ್ದವರಿಗೆ ಕಾಗದವೇ ಸರಿ.

ಹೌದು, ಇದರಲ್ಲೂ ಲಿಫ್ಟು ಇದೆ. ನನಗೆ ಇನ್ನೇನು ಗೊತ್ತು ಹೇಳು? ವರ್ಷಗಟ್ಟಲೆ ಲಿಫ್ಟ್ ಕಂಪನಿಯ ಫೋನಿನ ಮುಂದೆ ಕೂತಿದ್ದೇನೆ. ನಡುವೆ ಸಿಕ್ಕಿಹಾಕಿಕೊಂಡವರು ಒಳಗಿನ ಕೆಂಪು ಗುಂಡಿ ಒತ್ತಿದರೆ ಕರೆ ನನಗೆ ಬರುತ್ತದೆ. "ಉಸಿರು ಕಟ್ತಾ ಇದೆ" ಅನ್ನುತ್ತಾರೆ. "ಗಾಳಿ ಇದೆ, ಮೆಕ್ಯಾನಿಕ್ ಹೊರಟಿದ್ದಾರೆ, ನಿಮ್ಮ ಮನೇಲಿ ಯಾರ್ಯಾರಿದ್ದೀರಿ ಹೇಳಿ" ಅನ್ನುತ್ತೇನೆ. ಮೊದಲ ಪುಸ್ತಕ ಫೋನು ಎತ್ತುವವಳ ಕಥೆಯಾಗಿತ್ತು. ಇದು ಒಳಗೆ ಸಿಕ್ಕಿಕೊಂಡವನದು.

ಪ್ರಚಾರ ವಿಭಾಗದ ಮೇಡಂ ನಿನ್ನ ವಿಳಾಸ ಕೇಳಿದರು. ಗೌರವ ಪ್ರತಿ ಬರುತ್ತದೆ. ಕಳೆದ ಸಲ ನೀನು ಕಿಟಕಿ ಪಕ್ಕ ಕೂತು, ಪುಸ್ತಕ ಎದೆಗವಚಿಕೊಂಡು ಮಾತಾಡುತ್ತ ಮಾತಾಡುತ್ತ ಅತ್ತೆಯಲ್ಲ, ಆ ವಿಡಿಯೊ ಎಷ್ಟು ಜನ ನೋಡಿದರು! ಹಾಗೇ ಒಂದು ಮಾಡು. ಆದರೆ ಅದಕ್ಕೂ ಮೊದಲು, ಹೇಗಿದೆ ಅಂತ ನನಗೊಬ್ಬಳಿಗೆ ಬರೆ. ಮುಖಸ್ತುತಿ ಬೇಡ.

ಯಾರಿಗೂ ಹೇಳಬೇಡ, ಇದೂ ಚೆನ್ನಾಗಿ ಹೋದರೆ ನಾನು ಕೆಲಸ ಬಿಡುತ್ತೇನೆ.

ಇಂತಿ, ಈಗಲೂ ಕೂತಲ್ಲೇ ಕೂತಿರುವ
ಮೊಳೆ


ಫೆಬ್ರುವರಿ 2

ಪ್ರೀತಿಯ ಮೊಳೆ,

ನಿನ್ನ ಕಾಗದವನ್ನು ಕೆಲಸದ ನಡುವೆ, ಕನ್ನಡಕದಂಗಡಿಯಲ್ಲೇ ಒಡೆದು ಓದಿ, "ಕೊನೆಗೂ ಮುಗಿಸಿಬಿಟ್ಲು!" ಅಂತ ಕೂಗಿದೆ. ಕಣ್ಣು ಪರೀಕ್ಷೆಗೆ ಕೂತಿದ್ದ ಅಜ್ಜ ಗಾಬರಿಯಾಗಿ, "ಯಾರನ್ನಮ್ಮಾ?" ಅಂದರು. ಗೌರವ ಪ್ರತಿಯೂ ಬಂದಿದೆ. ಓದುತ್ತಿದ್ದೇನೆ.

ಈಗ ಒಂದು ಮಾತು. ಸುತ್ತಿ ಬಳಸಿ ಬರೆದು ನೋಡಿದೆ, ಚೆನ್ನಾಗಿ ಕಾಣಲಿಲ್ಲ. ನೇರವಾಗಿ ಕೇಳುತ್ತೇನೆ. ಈ ಸಲ ನನಗೆ ಸಂಭಾವನೆ ಬೇಕು. ನಿನ್ನಿಂದಲ್ಲ, ಪ್ರಕಾಶಕರಿಂದ.

ನಿನಗೆ ಕಾಣುವುದು ಒಂದೂವರೆ ನಿಮಿಷ. ಅದಕ್ಕಾಗಿ ನಾನು ಪುಸ್ತಕವನ್ನು ಎರಡು ಸಲ ಓದುತ್ತೇನೆ, ಒಮ್ಮೆ ನನಗಾಗಿ, ಒಮ್ಮೆ ಯಾವ ಸಾಲನ್ನು ಕ್ಯಾಮೆರಾ ಮುಂದೆ ಹಿಡಿಯಬೇಕು ಅಂತ ಹುಡುಕುವುದಕ್ಕಾಗಿ. ಬಾಗಿಲಿಗೆ ಕಂಬಳಿ ಕಟ್ಟುತ್ತೇನೆ. ಗುಂಯ್ ಅನ್ನುವ ಫ್ರಿಜ್ಜನ್ನು ಆರಿಸುತ್ತೇನೆ, ಆಮೇಲೆ ಹಾಕುವುದನ್ನು ಮರೆಯುತ್ತೇನೆ, ಚಿಕ್ಕಮ್ಮನಿಂದ ಬೈಸಿಕೊಳ್ಳುತ್ತೇನೆ. "ಗೋಡೆ ಹತ್ರ ಮಾತಾಡೋದಕ್ಕೆ ನನ್ನ ಹಾಲು ಯಾಕೆ ಒಡೀಬೇಕೇ?" ಅನ್ನುತ್ತಾಳೆ. ಕೆಳಗಿನ ಬೀಗ ರಿಪೇರಿಯವನು ಅರ ಉಜ್ಜುವುದನ್ನು ನಿಲ್ಲಿಸುವವರೆಗೆ ಕಾಯುತ್ತೇನೆ. ಆಮೇಲೆ ಕತ್ತರಿಸು, ಜೋಡಿಸು, ಕೆಳಗೆ ಅಕ್ಷರ ಕೂರಿಸು, ಬಂದ ಮಾತಿಗೆಲ್ಲ ಉತ್ತರ ಕೊಡು.

ಇಷ್ಟಕ್ಕೆ ಬರುವುದು ಗೌರವ ಪ್ರತಿ. ನನ್ನ ಗೋಡೆ ತುಂಬ ಗೌರವವೇ ಇದೆ. ಬಾಡಿಗೆ ದಿನ ಮನೆ ಮಾಲೀಕನ ಕೈಗೆ ಎರಡು ಗೌರವ ಇಟ್ಟು ಚಿಲ್ಲರೆ ಕೇಳಲೇ? ನಿನ್ನ ಮೊದಲ ಪುಸ್ತಕದ ಮರುಮುದ್ರಣದಲ್ಲಿ ನನಗೊಂದು ಧನ್ಯವಾದ ಹೇಳಿದ್ದೀಯ. ಕೆಳಗಿನ ಸಾಲಿನಲ್ಲೇ ಅಚ್ಚು ಮಾಡಿದವರಿಗೂ ಹೇಳಿದ್ದೀಯ. ಅವರಿಗೆ ಧನ್ಯವಾದದ ಜೊತೆ ದುಡ್ಡೂ ಹೋಗಿತ್ತು.

ಕೋಪ ಮಾಡಿಕೊಳ್ಳಬೇಡ. ಅಂಗಡಿ ಯಜಮಾನರು, "ಅರ್ಧ ದಿನದವರು ನನಗೆ ಸಾಕಾಗಲ್ಲಮ್ಮ. ಜೂನ್‌ನಿಂದ ಪೂರ್ತಿ ದಿನ ಬರ್ತೀಯೋ, ಬೇರೆಯವರನ್ನ ನೋಡ್ಲೋ?" ಅಂದಿದ್ದಾರೆ. ಪೂರ್ತಿ ದಿನ ಅಲ್ಲಿ ನಿಂತರೆ ಈ ಕೆಲಸ ಆಗುವುದಿಲ್ಲ. ಇದು ಕೆಲಸ, ಮೊಳೆ. ಇದನ್ನು ಕೆಲಸ ಅಂತ ಒಬ್ಬರಾದರೂ ಒಪ್ಪಿಕೊಂಡರೆ ನಾನು ಜೂನ್‌ನಲ್ಲಿ "ಬರಲ್ಲ" ಅನ್ನಬಹುದು. ಮೇಡಂ ಹತ್ತಿರ ನನ್ನ ಪರವಾಗಿ ಒಂದು ಮಾತು ಹಾಕು.

ನಿನ್ನ,
ಗೂಬೆ


ಫೆಬ್ರುವರಿ 20

ಮಾನ್ಯರೇ,

ತಮ್ಮ ಮನವಿಯು ಲೇಖಕಿಯವರ ಮೂಲಕ ತಲುಪಿತು. ಪುಸ್ತಕಗಳ ಬಗ್ಗೆ ತಮಗಿರುವ ಪ್ರೀತಿಗೆ ಬೆಲೆ ಕಟ್ಟಲಾಗದು ಎಂಬುದು ಸಂಸ್ಥೆಯ ದೃಢವಾದ ನಂಬಿಕೆ. ಆದ್ದರಿಂದ ಇದುವರೆಗೆ ಕಟ್ಟಿರುವುದಿಲ್ಲ.

ಆದರೂ ಲೇಖಕಿಯವರ ಶಿಫಾರಸಿನ ಮೇರೆಗೆ, ಪ್ರಾಯೋಗಿಕವಾಗಿ ಈ ಏರ್ಪಾಡನ್ನು ಸೂಚಿಸುತ್ತಿದ್ದೇವೆ. ತಾವು ಒಂದು ಪದವನ್ನು ಆರಿಸಿಕೊಳ್ಳುವುದು. ನಮ್ಮ ಜಾಲತಾಣದಲ್ಲಿ ಪುಸ್ತಕ ಕೊಳ್ಳುವವರು ಆ ಪದವನ್ನು ಕನ್ನಡ ಲಿಪಿಯಲ್ಲಿಯೇ ಯಥಾವತ್ತಾಗಿ ನಮೂದಿಸಿದರೆ ಅವರಿಗೆ ರಿಯಾಯಿತಿ, ತಮಗೆ ಪ್ರತಿಯೊಂದಕ್ಕೆ ಇಂತಿಷ್ಟು ಪಾಲು. ಇದರಿಂದ ಯಾರಿಂದ ಎಷ್ಟು ಮಾರಾಟವಾಯಿತೆಂಬುದು ಎಲ್ಲರಿಗೂ ಸ್ಪಷ್ಟವಾಗುವುದು. ಲೆಕ್ಕವನ್ನು ಲೇಖಕಿಯವರಿಗೂ ಕಳುಹಿಸಲಾಗುವುದು.

ವಿಡಿಯೊದ ಮೂಲೆಯಲ್ಲಿ 'ಸಂಭಾವನೆ ಪಡೆದದ್ದು' ಎಂದು ಕಾಣುವಂತೆ ಬರೆಯತಕ್ಕದ್ದು.

ಇಂತಿ ವಿಶ್ವಾಸಿ,
ಪ್ರಚಾರ ವಿಭಾಗದ ಮುಖ್ಯಸ್ಥೆ


ಫೆಬ್ರುವರಿ 27

ಗೂಬೆ,

ಮಾತು ಹಾಕಿದೆ. ಮೇಡಂ, "ಅವರು ನಿಮ್ಮ ಗೆಳತಿ ಅಂತ ಅಂದ್ಕೊಂಡಿದ್ವಿ" ಅಂದರು. "ಗೆಳತಿಯೇ" ಅಂದೆ. ನನಗೆ ಯಾಕೆ ನಾಚಿಕೆಯಾಯಿತೋ ಗೊತ್ತಿಲ್ಲ.

ನೀನು ಕೇಳಿದ್ದು ತಪ್ಪಲ್ಲ. ಅರ್ಧ ದಿನ ಕೂತು ಯೋಚಿಸಿದೆ, ತಪ್ಪು ಸಿಗಲಿಲ್ಲ. ಆದರೆ ಆ ಪದದ ವಿಷಯ ನನಗೆ ಹಿಡಿಸುತ್ತಿಲ್ಲ. ತುಂಬ ಜನ ನಿನ್ನ ಪದ ಬರೆದರೆ, ಪುಸ್ತಕ ಹೋಗಿದ್ದು ನಿನ್ನಿಂದ. ಯಾರೂ ಬರೆಯದಿದ್ದರೆ, ನನ್ನಿಂದ. ಇಬ್ಬರೂ ಗೆಲ್ಲುವ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ ನೋಡು.

ಅಣ್ಣ ಊಟಕ್ಕೆ ಕೂತಾಗ, "ನಿನ್ನ ಪುಸ್ತಕ ಯಾರು ಓದಿದ್ರು? ಅವಳ ಕಣ್ಣೀರು ನೋಡಿ ತಗೊಂಡ್ರು" ಅಂದ. ತಮಾಷೆಗೆ. ಅವನ ತಮಾಷೆ ನನ್ನ ಹೊಟ್ಟೆಯಲ್ಲಿ ವಾರವಿಡೀ ಇರುತ್ತದೆ. ಹಾಗಿರಲಾರದು ಅಂತ ನನಗೆ ಖಾತ್ರಿ ಬೇಕು. ಇಲ್ಲದಿದ್ದರೆ ಮೂರನೆಯದನ್ನು ಬರೆಯಲು ಕೈ ಏಳುವುದಿಲ್ಲ.

ಓದಿ ಮುಗಿಸಿದೆಯಾ? ಹೇಗಿದೆ?

ಮೊಳೆ


ಮಾರ್ಚ್ 24

ಪ್ರೀತಿಯ ಮೊಳೆ,

ವಿಡಿಯೊ ಇವತ್ತು ಬೆಳಿಗ್ಗೆ ಹೋಯಿತು. ನೋಡಿರುತ್ತೀಯ.

ಪದ ಯಾವುದು ಇಡಲಿ ಅಂತ ತುಂಬ ತಲೆ ಕೆಡಿಸಿಕೊಂಡೆ. ಚಿಕ್ಕಮ್ಮ 'ಹಾಲು' ಅಂತ ಇಡು ಅಂದಳು, ಇನ್ನೂ ಸಿಟ್ಟು ಇಳಿದಿಲ್ಲ. ಕೊನೆಗೆ 'ಧನ್ಯವಾದ' ಅಂತ ಇಟ್ಟೆ. ಇಷ್ಟು ವರ್ಷ ಬರೀ ಅದನ್ನೇ ಈಸಿಕೊಂಡವಳು, ಈಗ ಒಂದೊಂದು ಧನ್ಯವಾದಕ್ಕೂ ದುಡ್ಡು ಬರಲಿ ಅಂತ. ಹೇಗಿದೆ ನನ್ನ ಜಾಣತನ? ಬಂದ ಉತ್ತರಗಳಲ್ಲೂ ಸಾಲುಸಾಲು 'ಧನ್ಯವಾದಗಳು', 'ದನ್ಯವಾದಗಳು' ಅಂತಲೇ ತುಂಬಿದೆ. ಪಾಪ, ಎಷ್ಟು ಒಳ್ಳೆಯ ಜನ. ಒಬ್ಬೊಬ್ಬರಿಗೂ ಒಂದೊಂದು ಹೃದಯ ಒತ್ತಿ ಒತ್ತಿ ಬೆರಳು ನೋಯುತ್ತಿದೆ.

ಮೂಲೆಯಲ್ಲಿ 'ಸಂಭಾವನೆ ಪಡೆದದ್ದು' ಅಂತ ಬರೆದಿದ್ದೇನೆ. ಮೊದಲು ಸಣ್ಣ ಅಕ್ಷರದಲ್ಲಿ ಹಾಕಿದ್ದೆ. ಕದ್ದವಳಂತೆ ಯಾಕೆ ಬರೆಯಬೇಕು ಅನ್ನಿಸಿ ದೊಡ್ಡದು ಮಾಡಿದೆ. ಒಬ್ಬಳು, "ಅಕ್ಕಾ, ಹಾಗಾದ್ರೆ ಈ ಸಲ ಅತ್ತಿದ್ದು ನಿಜಾನಾ?" ಅಂತ ಕೇಳಿದ್ದಾಳೆ. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಪುಸ್ತಕದ ವಿಷಯ: ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಲ್ಲಿ ಅವನು ಹೆಂಡತಿಗೆ ಫೋನು ಮಾಡದೆ ನಿನಗೆ, ಅಂದರೆ ಆ ಫೋನಿನವಳಿಗೆ, ಮಾತಾಡುತ್ತಲೇ ಇರುತ್ತಾನಲ್ಲ, ಆ ಭಾಗಕ್ಕೆ ವಿಡಿಯೊದಲ್ಲಿ ಒಳ್ಳೆಯ ಉತ್ತರ ಬರುತ್ತಿದೆ. ಉಳಿದದ್ದು ಸಿಕ್ಕಾಗ ಹೇಳುತ್ತೇನೆ.

ನಿನ್ನ,
ಗೂಬೆ


ಮೇ 15

ಮಾನ್ಯರೇ,

ಲೇಖಕಿಯವರ ನೂತನ ಕಾದಂಬರಿಯು ನಿರೀಕ್ಷೆಗೂ ಮೀರಿ ಮಾರಾಟವಾಗುತ್ತಿದ್ದು, ಎರಡನೆಯ ಮುದ್ರಣವೂ ಮುಗಿಯುತ್ತ ಬಂದಿದೆ. ಈ ಸಂತಸದಲ್ಲಿ ತಾವೂ ಪಾಲುದಾರರು.

ತಮ್ಮ ಪದವನ್ನು ನಮೂದಿಸಿ ಕೊಂಡ ಪ್ರತಿಗಳು ಒಟ್ಟು ಹತ್ತೊಂಬತ್ತು. ಅದಕ್ಕೆ ಸಲ್ಲುವ ಮೊತ್ತದ ಚೆಕ್ಕನ್ನು ಲಗತ್ತಿಸಿದೆ. ಈ ಫಲಿತಾಂಶದ ಹಿನ್ನೆಲೆಯಲ್ಲಿ ಏರ್ಪಾಡನ್ನು ಮುಂದುವರಿಸಲಾಗುತ್ತಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ. ಗೌರವ ಪ್ರತಿಗಳನ್ನು ಎಂದಿನಂತೆ ಕಳುಹಿಸಲಾಗುವುದು.

ಇಂತಿ ವಿಶ್ವಾಸಿ,
ಪ್ರಚಾರ ವಿಭಾಗದ ಮುಖ್ಯಸ್ಥೆ


ಮೇ 19

ನನ್ನ ಮುದ್ದು ಗೂಬೆ,

ಲೆಕ್ಕ ನನಗೂ ಬಂತು. ಕೂಡಲೇ ನಿನಗೆ ಬರೆಯಬೇಕು ಅನ್ನಿಸಿತು, ಏನು ಬರೆಯಲಿ ಅಂತ ತೋಚಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಎಲ್ಲರಿಗೂ ಎಲ್ಲ ಸಲವೂ ಕೈಹಿಡಿಯುವುದಿಲ್ಲ. ಸಂಭಾವನೆ ಅಂತ ಬರೆದದ್ದಕ್ಕೆ ಜನ ಹಿಂದೆ ಸರಿದಿರಬೇಕು.

ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಎಷ್ಟು ಹಗುರಾಗಿದೆ ಗೊತ್ತಾ? ಪುಸ್ತಕ ತನ್ನ ಕಾಲ ಮೇಲೆ ತಾನು ನಡೆದಿದೆ. ಅಣ್ಣನ ಮುಂದೆ ಆ ಹಾಳೆ ಹಿಡಿದು, "ಹತ್ತೊಂಬತ್ತು ಬಿಟ್ಟು ಉಳಿದದ್ದೆಲ್ಲ ಯಾರು ತಗೊಂಡ್ರು ಹೇಳು ನೋಡೋಣ?" ಅಂದೆ. ಎದ್ದು ಹೋಗಿ ನನಗೆ ಕಾಫಿ ಮಾಡಿಕೊಂಡು ಬಂದ. ಹುಟ್ಟಿದಾಗಿನಿಂದ ಮೊದಲ ಸಲ! ಮಾರನೆಯ ದಿನವೇ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಮೂರನೆಯದರ ಮೊದಲ ಅಧ್ಯಾಯ ನಿನ್ನೆ ಶುರು ಮಾಡಿದೆ. ಅದರಲ್ಲಿ ಲಿಫ್ಟಿಲ್ಲ.

ನಿನಗೆ ಕಷ್ಟವಿದ್ದರೆ ತಿಂಗಳಿಗೆ ಸ್ವಲ್ಪ ಕಳಿಸಲಾ? ಸಾಲ ಅಂತ ತಿಳಿಯಬೇಡ, ಅಕ್ಕ ಕೊಟ್ಟಳು ಅಂದುಕೋ. ಮುಂದಿನ ಪುಸ್ತಕಕ್ಕೆ ನಿನಗೆ ತೊಂದರೆ ಕೊಡಬಾರದು ಅಂತ ಮೇಡಂಗೆ ಹೇಳಿದ್ದೇನೆ. ಸುಮ್ಮನೆ ಯಾಕೆ ನಿನ್ನ ಸಮಯ ಹಾಳು.

ಅಂದಹಾಗೆ, ವಿಡಿಯೊದಲ್ಲಿ ಅಷ್ಟೆಲ್ಲ ಹೇಳಿದೆ. ಕಾಗದದಲ್ಲಿ ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಇರಲಿ. ಈಗ ನನಗೆ ಅಷ್ಟು ಅವಸರವಿಲ್ಲ.

ತುಂಬ ಪ್ರೀತಿಯಿಂದ,
ಮೊಳೆ


ಮೇ 28

ಮಾನ್ಯ ಮುಖ್ಯಸ್ಥೆಯವರಿಗೆ,

ತಮ್ಮ ಚೆಕ್ಕು ಬಂತು. ಬ್ಯಾಂಕಿಗೆ ಹಾಕುವ ಮೊದಲು ಒಂದು ಮಾತು.

ನನ್ನ ವಿಡಿಯೊದ ಕೆಳಗೆ ಬಂದ ನೂರಾರು 'ಧನ್ಯವಾದಗಳು' ನನಗೆ ಹೇಳಿದ ಧನ್ಯವಾದ ಅಂತ ನಾನು ನಂಬಿದ್ದೆ. ಮೊನ್ನೆ ಸಮಾಧಾನವಾಗಿ ಕೂತು ಓದಿದೆ. "ದನ್ಯವಾದ ಹಾಕಿದೆ, ಅಮಾನ್ಯ ಅಂತು, ಪರವಾಗಿಲ್ಲ ಪೂರ್ತಿ ಬೆಲೆಗೇ ತಗೊಂಡೆ." "ಧನ್ಯವಾದಗಳು ಆಗ್ತಿಲ್ಲ ಅಕ್ಕಾ." "ಧನ್ಯವಾಧ ಅಂತಾನೂ ಹಾಕಿದೆ, ಆಗ್ಲಿಲ್ಲ, ಬೇಜಾರಿಲ್ಲ, ಪುಸ್ತಕ ಬಂತು." ಹೀಗೇ, ಕೆಳಗೆ ಹೋದಷ್ಟೂ. ಆ ಜನಕ್ಕೆ ನಾನು ಒಂದೊಂದು ಹೃದಯ ಒತ್ತಿ ಕಳಿಸಿದ್ದೆ. ನನ್ನಂಥ ಗೂಬೆ ಇನ್ನೊಂದಿಲ್ಲ.

ನಮ್ಮ ಜನ ಧನಕ್ಕೂ ದನಕ್ಕೂ ವ್ಯತ್ಯಾಸ ಮಾಡುವುದಿಲ್ಲ, ಒಂದೇ ಧನ್ಯವಾದ ಹೇಳಿ ಸುಮ್ಮನಾಗುವುದೂ ಇಲ್ಲ, 'ಗಳು' ಸೇರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಪದ ಆರಿಸಿದವಳು ನಾನು, ತಪ್ಪು ನನ್ನದೇ. ಆದರೆ ಬಂದ ಓದುಗರು ನಿಜ, ಕೊಟ್ಟ ದುಡ್ಡು ನಿಜ, ಅದೂ ರಿಯಾಯಿತಿ ಇಲ್ಲದೆ. ದಯವಿಟ್ಟು ಲೆಕ್ಕವನ್ನು ಇನ್ನೊಮ್ಮೆ ನೋಡಿ. ಜೂನ್ ಹತ್ತಿರ ಬರುತ್ತಿದೆ, ನನಗೆ ಇದು ಬದುಕಿನ ಪ್ರಶ್ನೆ.

ಇನ್ನೊಂದು ವಿನಂತಿ. ಈ ವಿಷಯ ಲೇಖಕಿಯವರಿಗೆ ತಿಳಿಯುವುದು ಬೇಡ. ಅವರು ಈಗ ಬರೆಯುತ್ತಿದ್ದಾರೆ.

ವಿಶ್ವಾಸವಿರಲಿ,
ತಮ್ಮ ಪುಸ್ತಕಗಳ ಓದುಗರಲ್ಲೊಬ್ಬಳು


ಜೂನ್ 10

ಮಾನ್ಯರೇ,

ತಮ್ಮ ಪತ್ರದ ಮೇರೆಗೆ ಅಮಾನ್ಯವಾದ ಪದಗಳ ಪಟ್ಟಿಯನ್ನು ಪರಿಶೀಲಿಸಲಾಯಿತು. ಮಾರಾಟವಾದ ಪ್ರತಿಗಳಲ್ಲಿ ಬಹುಪಾಲು ತಮ್ಮ ಪದದ ಒಂದಲ್ಲ ಒಂದು ತಪ್ಪು ರೂಪದೊಂದಿಗೇ ಬಂದಿರುವುದು ಕಂಡುಬಂದಿದೆ. ಇದು ತಮ್ಮ ಪ್ರಭಾವಕ್ಕೆ ಸಾಕ್ಷಿ. ಹಾರ್ದಿಕ ಅಭಿನಂದನೆಗಳು.

ಆದರೆ ಒಪ್ಪಂದದಲ್ಲಿ 'ಯಥಾವತ್ತಾಗಿ' ಎಂಬ ಪದವಿರುವುದರಿಂದ ಹೆಚ್ಚಿನ ಪಾಲು ನೀಡಲು ಅವಕಾಶವಿರುವುದಿಲ್ಲ. ಮುಂದಿನ ಪುಸ್ತಕಗಳ ವಿಷಯದಲ್ಲಿ, ಯುವ ಓದುಗರೊಬ್ಬರು ಯಾವುದೇ ಅಪೇಕ್ಷೆಯಿಲ್ಲದೆ, ಕೇವಲ ಪುಸ್ತಕಪ್ರೀತಿಯಿಂದ ವಿಡಿಯೊ ಮಾಡಲು ಮುಂದೆ ಬಂದಿರುವುದನ್ನು ಸಂತೋಷದಿಂದ ತಿಳಿಸುತ್ತೇವೆ. ಅವರಿಗೂ ತಮ್ಮ ಮಾರ್ಗದರ್ಶನವಿರಲಿ.

ಲೇಖಕಿಯವರಿಗೆ ತಿಳಿಸಬಾರದೆಂಬ ತಮ್ಮ ಕೋರಿಕೆಯನ್ನು ಗಮನಿಸಲಾಗಿದೆ.

ಇಂತಿ ವಿಶ್ವಾಸಿ,
ಪ್ರಚಾರ ವಿಭಾಗದ ಮುಖ್ಯಸ್ಥೆ

ಪ್ರತಿ: 1. ಲೆಕ್ಕ ವಿಭಾಗಕ್ಕೆ. 2. ಲೇಖಕಿಯವರ ಅವಗಾಹನೆಗಾಗಿ.


ಜೂನ್ 17

ಗೂಬೆ,

ಮೇಡಂ ಕಳಿಸಿದ ಪ್ರತಿ ನನಗೂ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲ ಕಾಗದದ ಕೆಳಗೂ ನನ್ನನ್ನು ಹಾಕಿ ಹಾಕಿ ಅವರಿಗೆ ಕೈ ಅಭ್ಯಾಸ.

ನೀನು ಬಚ್ಚಿಟ್ಟದ್ದಕ್ಕೂ ಸಿಟ್ಟಿಲ್ಲ. ನನ್ನಿಂದ ಬಚ್ಚಿಡಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದು ನುಂಗಲಾಗುತ್ತಿಲ್ಲ. ನಾನು ಅಕ್ಕನ ಹಾಗೆ ನಿನಗೆ ದುಡ್ಡು ಕಳಿಸುತ್ತೇನೆ ಅಂತ ಬರೆದೆ. ಆ ಕಾಗದವನ್ನು ನೀನು ಯಾವ ಮುಖ ಇಟ್ಟುಕೊಂಡು ಓದಿರಬೇಕು ಅಂತ ನೆನೆಸಿಕೊಂಡರೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ. ನಿನಗೆ ಬರಬೇಕಾದ ದುಡ್ಡಿನಲ್ಲೇ ನಿನಗೆ ಭಿಕ್ಷೆ ಹಾಕಲು ಹೊರಟಿದ್ದೆ.

ಲಿಫ್ಟ್ ಕಂಪನಿಗೆ ಹೋಗಿ, ಕೆಲಸ ಮತ್ತೆ ಕೊಡುತ್ತೀರಾ ಅಂತ ಕೇಳಿದೆ. ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಇದ್ದಾಳೆ. ಮ್ಯಾನೇಜರು, "ರಜಾದಲ್ಲಿ ಹೋದವರ ಜಾಗಕ್ಕೆ ಬೇಕಾದ್ರೆ ಬನ್ನಿ, ನಿಮ್ಮಂಥ ದೊಡ್ಡ ಲೇಖಕಿಗೆ ಸರಿಹೋಗುತ್ತೋ ಇಲ್ವೋ" ಅಂದರು. ಸರಿಹೋಗುತ್ತದೆ ಅಂದೆ. ಅಣ್ಣ ಈ ಸಲ ತಮಾಷೆ ಮಾಡಲಿಲ್ಲ. ಅದು ಇನ್ನೂ ಕಷ್ಟ.

ಮೂರನೆಯದನ್ನು ನಿಲ್ಲಿಸಿದ್ದೇನೆ. ಒಂದು ಸಾಲು ಬರೆಯುತ್ತೇನೆ, ಇದು ಯಾರಿಗೆ ಬೇಕು ಅನ್ನಿಸುತ್ತದೆ. ಅವರಿಗೆ ಬೇಕಾದದ್ದು ನೀನು. ನೀನು ಯಾವ ಪುಸ್ತಕ ಹಿಡಿದು ಅತ್ತಿದ್ದರೂ ಅವರು ಅದನ್ನು ತೆಗೆದುಕೊಳ್ಳುತ್ತಿದ್ದರು.

ಒಂದೇ ಒಂದು ಕೇಳುತ್ತೇನೆ. ಈಗ ಒಪ್ಪಂದವಿಲ್ಲ, ಪದವಿಲ್ಲ, ಯಾರೂ ಎಣಿಸುತ್ತಿಲ್ಲ. ಈಗ ನೀನು ಏನು ಹೇಳಿದರೂ ನಂಬುತ್ತೇನೆ. ಪುಸ್ತಕ ಹೇಗಿತ್ತು?

ಮೊಳೆ


ಜುಲೈ 30

ಮೊಳೆ,

ತಡವಾಯಿತು. ಜೂನ್‌ನಿಂದ ಪೂರ್ತಿ ದಿನ ಅಂಗಡಿಯಲ್ಲೇ ಇದ್ದೇನೆ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕನ್ನಡಿ ಹಿಡಿದು, "ತುಂಬ ಚೆನ್ನಾಗಿ ಕಾಣುತ್ತೆ" ಅನ್ನುತ್ತೇನೆ. ಯಜಮಾನರಿಗೆ ನನ್ನ ಕೆಲಸ ತುಂಬ ಹಿಡಿಸಿದೆ. ತಿಂಗಳ ಕೊನೆಗೆ ಸರಿಯಾಗಿ ಸಂಬಳ ಕೊಡುತ್ತಾರೆ. ಚಿಕ್ಕಮ್ಮನ ಹಾಲು ಒಡೆಯುತ್ತಿಲ್ಲ. ಕಂಬಳಿಯನ್ನು ಬಾಗಿಲಿನಿಂದ ಬಿಚ್ಚಿ ಒಗೆದು ಮಡಿಚಿಟ್ಟಿದ್ದೇವೆ.

ಆ ಹೊಸ ಹುಡುಗಿ ನನಗೆ ಬರೆದಿದ್ದಳು. "ಅಕ್ಕಾ, ಹೇಗೆ ಅಳೋದು ಹೇಳಿಕೊಡಿ" ಅಂತ. ಒಳ್ಳೆಯ ಹುಡುಗಿ, ತಮಾಷೆಯಾಗಿ ಕೇಳಿದ್ದಲ್ಲ. ಅವಳಿಗೆ ಬರೀ ಗೌರವ ಪ್ರತಿಯಲ್ಲಿ ಸುಮ್ಮನಾಗಬೇಡ ಅಂತ ಬರೆದೆ. "ಪರವಾಗಿಲ್ಲ ಅಕ್ಕಾ, ನನಗೆ ಪುಸ್ತಕ ಅಂದ್ರೆ ಪ್ರಾಣ" ಅಂದಳು. ನಾನೂ ಹಾಗೇ ಅನ್ನುತ್ತಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕು ಅಂತಲೇ ನಿನ್ನ ಕಾದಂಬರಿಯನ್ನು ಮತ್ತೆ ತೆಗೆದೆ. ಭಾನುವಾರ, ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಹಾಸಿಗೆ ಮೇಲೆ ಬಿದ್ದುಕೊಂಡು, ಕಾಲೇಜಿನಲ್ಲಿ ಓದುತ್ತಿದ್ದ ಹಾಗೆ ಓದಬೇಕು ಅಂತ. ಮೊದಲ ಪುಟದ ಕೆಳಗೆ ಬರುವಷ್ಟರಲ್ಲಿ, ಈ ಸಾಲು ಹಿಡಿಯಬಹುದು ಅಂದುಕೊಂಡೆ. ಲಿಫ್ಟು ನಿಲ್ಲುವ ಜಾಗದಲ್ಲಿ, ಇಲ್ಲಿ ಕತ್ತರಿಸಬಹುದು ಅಂದುಕೊಂಡೆ. ಅವನು ಹೆಂಡತಿಯ ಹೆಸರು ಹೇಳಿ ಸುಮ್ಮನಾಗುತ್ತಾನಲ್ಲ, ಅಲ್ಲಿ ನನಗೆ ಅಳು ಬಂತು. ತಕ್ಷಣ ಕಿಟಕಿ ಕಡೆ ಮುಖ ತಿರುಗಿಸಿದೆ, ಬೆಳಕು ಸರಿಯಾಗಿ ಬೀಳಲಿ ಅಂತ. ಕೋಣೆಯಲ್ಲಿ ಯಾರೂ ಇರಲಿಲ್ಲ, ಮೊಳೆ. ಫೋನೂ ಇರಲಿಲ್ಲ.

ಆಮೇಲೆ ಬೇರೆ ಪುಸ್ತಕ ತೆಗೆದು ನೋಡಿದೆ, ನಿನ್ನದಲ್ಲದ್ದು. ಅದರಲ್ಲೂ ಹಾಗೇ ಆಯಿತು. ಚಿಕ್ಕಂದಿನಲ್ಲಿ ಓದಿದ್ದನ್ನು ತೆಗೆದೆ. ಅದರಲ್ಲೂ ಅಷ್ಟೇ.

ನಿನ್ನ ಪುಸ್ತಕ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಇದನ್ನು ನೀನು ಚೆನ್ನಾಗಿಲ್ಲ ಅಂತಲೇ ಓದಿಕೊಳ್ಳುತ್ತೀಯ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಓದಿಕೊಳ್ಳುತ್ತಿದ್ದೆ. ಚೆನ್ನಾಗಿದೆ ಅಂತ ಬರೆಯಲು ಎಷ್ಟು ಹೊತ್ತು? ಆ ಮಾತನ್ನು ದಿನವಿಡೀ ಹೇಳುತ್ತೇನೆ, ಈಗ ಸಂಬಳಕ್ಕೆ. ನಿನಗೆ ಮಾತ್ರ ಅದನ್ನು ಬರೆಯಲಾಗಲಿಲ್ಲ.

ಬೇರೆ ಯಾರನ್ನಾದರೂ ಕೇಳು. ಓದಲು ಬರುವವರನ್ನು.

ಗೂಬೆ